ಇನ್ನೂ ಮೂರು ಇಂಚು

ಕೆಲಸದ ಚೀಟಿ

ನದಾಫ್ ಪ್ರಿಂಟಿಂಗ್ ಪ್ರೆಸ್, ಗದಗ.
ಮಾಲು: ಕರಪತ್ರ. ಪ್ರತಿ: ಐನೂರು.
ಕಾಗದ: ಗುಲಾಬಿ, ತೆಳುವಾದದ್ದು.
ಆರ್ಡರ್ ಬಂದ ದಿನ: ಜೂನ್ ಹದಿನೈದು.
ಮಾಲು ಕೊಟ್ಟ ದಿನ: ಜೂನ್ ಹದಿನಾಲ್ಕು.

ಚಾಚಾಗ ತೋರಿಸಿದೆ. ಕನ್ನಡಕ ಹಣಿಗೇರಿಸಿ
“ಬರಿಯೂ ಹೊತ್ತಿನ್ಯಾಗ ನಿದ್ದಿ ಬಂದಿರಬೇಕು” ಅಂದ.
ಅಕ್ಷರ ನಂದ ಇತ್ತು.
ನನಗ ಅವತ್ತು ನಿದ್ದಿ ಬಂದಿರಲಿಲ್ಲ.


ಕರಡು, ಮೊದಲನೇ ಸಲ

ಕಾಣೆಯಾಗಿದ್ದಾಳೆ.
ಹೆಸರು: ತುಳಸಾ ಖಟವಟೆ, ಬೆಟಗೇರಿ.
ವಯಸ್ಸು: ಹದಿನೇಳು.
ಎತ್ತರ: ಐದು ಅಡಿ ಎರಡು ಇಂಚು.
ಗೋಧಿ ಬಣ್ಣ, ಕೋಲು ಮುಖ, ಎಡಗೆನ್ನೆಯ ಮೇಲೆ ಮಚ್ಚೆ.
ಮಾತಾಡುವ ಭಾಷೆ: ಕನ್ನಡ, ಹಿಂದಿ
ಮತ್ತು ▢▢▢▢.
ಕೊನೆಯ ಬಾರಿ ಕಂಡದ್ದು: ಕಪ್ಪತಗುಡ್ಡ,
ಗಾಳಿಯಂತ್ರ ಸಂಖ್ಯೆ ನಲವತ್ತೊಂದರ ಬುಡದಲ್ಲಿ.
ಸುಳಿವು ಸಿಕ್ಕವರು ದಯವಿಟ್ಟು ನಿನ್ನೆಯೇ ತಿಳಿಸಬೇಕು.


ಅಂಚಿನಲ್ಲಿ, ಕೆಂಪು ಶಾಯಿ

‘ಸ’ ತೆಗೀರಿ, ‘ಜ’ ಹಾಕ್ರಿ. ತುಳಜಾ. ಕುಲದೇವಿ ಹೆಸರದು, ಗಿಡದ್ದಲ್ಲ.
ಎತ್ತರ: ತಪ್ಪು. ನಾ ನಾಲ್ಕು ಹನ್ನೊಂದು.
(ಪಟ್ಟಿ ಹಿಡಿದು ಮತ್ತ ನೋಡಿದೆ.)
ತಪ್ಪಲ್ಲ. ಮುಂದಿಂದು.
▢▢▢▢: ಈ ಮೊಳಿ ನಮ್ಮ ಕೇಸಿನ್ಯಾಗ ಇಲ್ಲ.
ಹುಬ್ಬಳ್ಳಿ ಫೌಂಡ್ರಿಗೆ ಫೋನ್ ಮಾಡಿದ್ರ ಅವ್ರೂ ಇಲ್ಲಂದ್ರು.
ಬೆರಳಿಟ್ರ ಬಿಸಿ ಹತ್ತತೈತಿ.
‘ನಿನ್ನೆಯೇ’: ಗಿರಾಕಿಗೆ ಕೇಳಬೇಕು. ಗಿರಾಕಿ ಯಾರು?
ಮಚ್ಚಿ ಇರೂದು ಬಲಗೆನ್ನಿ ಮ್ಯಾಲ
— ಈ ಸಾಲು ಬರದು, ಹೊಡದು ಹಾಕೀನಿ.
ಎಡಕ್ಕ ಇರಲಿ.


ಕರೆಂಟ್ ಬಿಲ್, ಜೂನ್

ಹಿಂದಿನ ರೀಡಿಂಗ್: ೮೮೧೨.
ಈಗಿನ ರೀಡಿಂಗ್: ೮೪೪೭.
ಮೀಟರ್ ಓದಾಕ ಬಂದ ಡವಳಗಿ
ಗಾಜು ಮೂರು ಸಲ ಒರಸಿದ, ಡಬ್ಬಿಗೆ ಎರಡು ಏಟು ಕೊಟ್ಟ.
ರಾತ್ರಿ ಮೂರು ಹತ್ತಕ್ಕ, ಕರೆಂಟ್ ಹೋದಾಗಷ್ಟ,
ಹಳೇ ಟ್ರೆಡಲ್ ತಾನ ಹೊಂಡತೈತಿ ಅಂತ
ಅವಗ ಯಾರೂ ಹೇಳಲಿಲ್ಲ.


ಪ್ರಶ್ನೆಪತ್ರಿಕೆ, ಕತ್ತರಿಸಿ ಉಳಿದ ತುಂಡು

೭. ಗಾಳಿಯಿಲ್ಲದ ದಿನ ಗಾಳಿಯಂತ್ರದ ರೆಕ್ಕೆಗಳು
ಎಡಕ್ಕೆ ತಿರುಗುತ್ತವೆ. ಬುಡದಲ್ಲಿ ನಿಂತ ಹುಡುಗಿಯ
ವಯಸ್ಸು ಕಂಡುಹಿಡಿಯಿರಿ. ಐದು ಅಂಕ.
ಅಥವಾ
ಅವಳ ತಾಯಿಯ ವಯಸ್ಸು ಕಂಡುಹಿಡಿಯಿರಿ.


ಮೆಹಜಬೀನ್‌ಗೆ ಚೀಟಿ, ಕೆಮಿಸ್ಟ್ರಿ ಪಿರಿಯಡ್ಡಿನ್ಯಾಗ

ಡೋಣಿ ತನಕ ಬಸ್ಸು, ಮುಂದ ನಡಕೊಂಡು ಹೋದೆ.
ಏನಿಲ್ಲ. ಕುರಿ, ಬಾದಿ ಹುಲ್ಲು,
ಕುರಿ ಕಾಯಾಂವನ ಮೊಬೈಲಿನ್ಯಾಗ ಕ್ರಿಕೆಟ್ ಕಾಮೆಂಟ್ರಿ.
ಕಂಬದ ಬುಡಕ ಒಂದು ಕಬ್ಬಿಣದ ಬಾಗಲಾ.
ಬಾಗಲಾ ಮ್ಯಾಲ ಆ ನಾಲ್ಕು ಅಕ್ಷರ.
ಓದಾಕ ಬರಲಿಲ್ಲ. ಆದ್ರ ನಾಲಿಗಿಗೆ ಗೊತ್ತಿದ್ದಂಗ ಆತು,
ಸಣ್ಣಾಕಿದ್ದಾಗ ಬಿದ್ದ ಹಲ್ಲಿನ ಜಾಗಾ ಗೊತ್ತಿರ್ತತಲ್ಲ, ಹಂಗ.
ಹಿಡಿಕಿ ಭಾಳ ಮ್ಯಾಲ ಐತಿ.
ತುದಿಗಾಲ ಮ್ಯಾಲ ನಿಂತ್ರೂ ಮೂರು ಇಂಚು ಕಡಿಮಿ.
ಓದಿ ಹರದು ಹಾಕು.

(ಅದ ಚೀಟಿ, ಹಿಂದಿನ ಮಗ್ಗಲು, ನೀಲಿ ಪೆನ್ನು:
ನಾ ಐದು ಮೂರು ಅದೀನಿ.
ನನ್ನ ಯಾಕ ಕರೀಲಿಲ್ಲ?)


ಬಾಗಿಲ ಚೌಕಟ್ಟು, ಪೆನ್ಸಿಲ್ ಗುರುತು, ಆಯಿಯ ಕೈಬರಹ

ಯುಗಾದಿ: ನಾಲ್ಕು ಹನ್ನೊಂದು.
ಪಂಚಮಿ: ಐದು.
ದಸರಾ: ಐದು, ಅರ್ಧ.
ಸಂಕ್ರಾಂತಿ: ಐದು, ಒಂದೂವರಿ. ಹೊಸಾ ಲಂಗಾ ಹೊಲಸಬೇಕು.
ಹೋಳಿ:

ಮಗ್ಗ ನಿಂದ್ರಿಸಿ ಎದ್ದು ಬಂದು
ಪೆನ್ಸಿಲ್ ತುದಿ ನಾಲಿಗಿಗೆ ಹಚ್ಚಿ
ತಲಿ ಮ್ಯಾಲ ಅಂಗೈ ಇಟ್ಟು
“ನೆಟ್ಟಗ ನಿಂದ್ರು” ಅಂದ್ಲು ಆಯಿ.

ಲಂಗದೊಳಗ ನಾ
ಮೊಣಕಾಲು ಒಂಚೂರು ಬಗ್ಗಿಸಿದೆ.